ಹುಳು ಮನೆಯ ಕ್ಲಾಸು: 14 ಮಕ್ಕಳ ಜೊತೆ ನನ್ನ ಅನುಭವ

ನಮ್ಮದು ರಾಮನಗರ ಕಡೆಯ ಸರ್ಕಾರಿ ಹೈಸ್ಕೂಲು, ನಾನು ಗಣಿತದ ಮೇಷ್ಟ್ರು. ಒಂಬತ್ತನೇ ಕ್ಲಾಸಿನ ಹಾಜರಿ ಪುಸ್ತಕ ತಿರುವುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ರೇಷ್ಮೆ ಹುಳು ಸಾಕುವ ಮನೆಗಳ ಕೆಲವು ಮಕ್ಕಳು ಒಂದೂವರೆ ತಿಂಗಳಿಗೊಮ್ಮೆ ಸಾಲಾಗಿ ನಾಲ್ಕೈದು ದಿನ ನಾಪತ್ತೆ. ಮನೆಯಲ್ಲಿ ಹುಳು ಹಣ್ಣಾಗಿರುತ್ತಿತ್ತು, ಅಂದರೆ ಗೂಡು ಕಟ್ಟಲು ಸಿದ್ಧ. ಅವನ್ನು ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ತಟ್ಟಿಗೆ, ಬಿಡಲು ಕೈ ಬೇಕಲ್ವಾ? ಗೈರಾಗುವ ಮಕ್ಕಳೇ ಗಣಿತದಲ್ಲೂ ಫೇಲು. ಮಕ್ಕಳು ಇಲ್ಲಿಗೆ ಬರದಿದ್ದರೆ ಕ್ಲಾಸೇ ಅಲ್ಲಿಗೆ ಹೋಗಲಿ ಅಂದುಕೊಂಡೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕರು. 'ಮೇಷ್ಟ್ರಿಗೆ ಊರು ಸುತ್ತೋ ಆಸೆ' ಅಂದರು.

2022ರಲ್ಲಿ ಮಾಡಿದ್ದು ಪೂರ್ತಿ ಎಡವಟ್ಟು. ನಲವತ್ತು ಮಕ್ಕಳನ್ನು ಒಟ್ಟಿಗೆ ಒಬ್ಬ ರೈತರ ಹುಳು ಮನೆಗೆ ನುಗ್ಗಿಸಿದೆ. ಕಾಲು ತೊಳೆಸಲಿಲ್ಲ, ಏನೂ ಇಲ್ಲ. ವಾರದೊಳಗೆ ಅವರ ಬೆಳೆಗೆ ಸುಣ್ಣಕಟ್ಟು ರೋಗ ಬಂತು, ಹುಳು ಸತ್ತು ಸುಣ್ಣದ ಹಾಗೆ ಬೆಳ್ಳಗಾಗುವ ರೋಗ ಅದು. ನಮ್ಮಿಂದಲೇ ಬಂತೋ ಮಳೆಯ ತಂಡಿಗೆ ಬಂತೋ ಹೇಳೋರು ಯಾರು? ಆದರೂ ಅವರು ಶಾಲೆಯ ಗೇಟಿನ ಮುಂದೆ ನಿಂತು ಕೂಗಾಡಿದರು. ನಾಲ್ಕು ಸಾವಿರ ಚಿಲ್ಲರೆ ನನ್ನ ಜೇಬಿನಿಂದ ಹೋಯಿತು. ಶಾಲೆಯ ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಸಭೆಯಲ್ಲಿ ಬೈಗುಳ ಬೇರೆ.

ಮುಂದಿನ ವರ್ಷ ಹದಿನಾಲ್ಕೇ ಮಕ್ಕಳನ್ನು ಆರಿಸಿಕೊಂಡೆ, ಎಲ್ಲರೂ ಹುಳು ಸಾಕುವ ಮನೆಯವರೇ. ವಾರಕ್ಕೆ ಎರಡು ಮಧ್ಯಾಹ್ನ, ಕೊನೆಯ ಎರಡು ಪೀರಿಯಡ್ಡು. ಬಾಗಿಲಲ್ಲಿ ಬ್ಲೀಚಿಂಗ್ ನೀರಿನ ತಟ್ಟೆ, ಒಳಗೆ ಹಾಕಲು ಬೇರೆ ಚಪ್ಪಲಿ. ಚಪ್ಪಲಿ, ತಕ್ಕಡಿ, ಥರ್ಮಾಮೀಟರ್ ಎಲ್ಲ ಸೇರಿ ಸುಮಾರು ಆರೂವರೆ ಸಾವಿರ ಆಯಿತು. ಅರ್ಧ ಹಳೆಯ ವಿದ್ಯಾರ್ಥಿಗಳು ಕೊಟ್ಟರು, ಉಳಿದದ್ದು ನಾನೇ. ಬಿಲ್ಲು ಹಾಕಿದ್ದೆ, ಇನ್ನೂ ಬಂದಿಲ್ಲ. ಒಮ್ಮೆ ಕೂಗಾಡಿದ ಆ ರೈತರನ್ನೇ ಮತ್ತೆ ಹೇಗೆ ಒಪ್ಪಿಸಿದೆ ಅಂತ ತುಂಬ ಜನ ಕೇಳುತ್ತಾರೆ. ಅದನ್ನು ಇಲ್ಲಿ ಬರೆಯಲ್ಲ, ಭೇಟಿಯಾದಾಗ ಹೇಳುತ್ತೇನೆ.

ಮೊದಲ ತಿಂಗಳು ಪಾಠ ನಡೆದದ್ದು ನನಗೆ. 'ನೂರು ಮೊಟ್ಟೆ ಅಂದ್ರೆ ನೂರು ಹುಳು ಅಲ್ಲ ಸಾರ್' ಅಂದ ಒಬ್ಬ ಹುಡುಗ. ಒಂದು ಚಿಟ್ಟೆ ಇಟ್ಟದ್ದಷ್ಟೂ ಸೇರಿ ರೈತರ ಲೆಕ್ಕದಲ್ಲಿ ಒಂದೇ 'ಮೊಟ್ಟೆ', ಅದರಲ್ಲಿ ನಾನೂರೈವತ್ತು, ಐನೂರು ಹುಳು ಇರುತ್ತವೆ. ಹಾಗಾದರೆ ನಿಮ್ಮ ಮನೆಯ ನೂರು ಮೊಟ್ಟೆಯಲ್ಲಿ ಎಷ್ಟು ಹುಳು ಸತ್ತವು ಅಂತ ಕೇಳಿದೆ. ಹುಡುಗ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ: ಐವತ್ತು ಸಾವಿರ ಹುಳು, ಕೆಜಿಗೆ ಸುಮಾರು ಆರುನೂರು ಗೂಡು, ಎಲ್ಲ ಬದುಕಿದ್ದರೆ 83 ಕೆಜಿ. ಸಿಕ್ಕಿದ್ದು 62. 'ನಾಲ್ಕರಲ್ಲಿ ಒಂದು ಪಾಲು ಹೋಯ್ತು ಸಾರ್.' ಪುಸ್ತಕದ ಶೇಕಡಾ ಲೆಕ್ಕ ಕಂಡರೆ ಬೆವರುತ್ತಿದ್ದ ಹುಡುಗ ಇವನೇ! ಅವನ ಅಪ್ಪ ಬಾಗಿಲಲ್ಲೇ ಕೂತಿದ್ದರು. ಬೀಡಿ ಆರಿಸಿ ಒಳಗೆ ಬಂದು ಆ ಲೆಕ್ಕವನ್ನೇ ನೋಡುತ್ತಾ ನಿಂತರು.

ನಡುವೆ ಹಾಲಿನ ಡೇರಿಗೂ ಕೈ ಹಾಕಿದೆ. ಹಾಲಿನ ಸಾಂದ್ರತೆ ಅಳೆಯುವ ಲ್ಯಾಕ್ಟೋಮೀಟರ್, ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎಲ್ಲ ಚೆನ್ನಾಗಿಯೇ ಇತ್ತು. ಮೂರನೇ ದಿನ ಒಬ್ಬ ಹುಡುಗಿ ಯಾರದೋ ಹಾಲಿಗೆ ನೀರು ಬೆರೆತಿದೆ ಅಂತ ಎಲ್ಲರ ಮುಂದೆ ಹೇಳಿಬಿಟ್ಟಳು. ಲೆಕ್ಕ ಸರಿಯೇ ಇತ್ತು, ಆದರೆ ಊರು ಎರಡು ಭಾಗ ಆಯಿತು. ಅಲ್ಲಿಗೆ ಡೇರಿ ಬಂದ್. ಹುಳು ಮನೆಯ ತೇವಾಂಶ ತಿಳಿಸುವ ಒದ್ದೆ-ಒಣ ಬಲ್ಬ್ ಥರ್ಮಾಮೀಟರಿನ ಗ್ರಾಫು ಮಾತ್ರ ಭರ್ಜರಿ ಗೆದ್ದಿತು. ಇಂದಿಗೂ ಮೂರು ಮನೆಗಳ ಗೋಡೆ ಮೇಲೆ ತೂಗುತ್ತಿದೆ. ಒಂದು ಕಡೆ ಅಜ್ಜಿಯೇ ಚುಕ್ಕೆ ಹಾಕುತ್ತಾರೆ.

ಹಣ್ಣಾಗುವ ದಿನಗಳಿಗೆ ಇನ್ನೊಂದು ಉಪಾಯ ಮಾಡಿದೆ. ಹದಿನಾಲ್ಕು ಮನೆಗಳ ತಾರೀಖನ್ನು ಗೋಡೆಗೆ ಬರೆದು, ಸ್ಕೂಲು ಬಿಟ್ಟ ಮೇಲೆ ಗುಂಪೇ ಸರದಿಯಲ್ಲಿ ಹೋಗಿ ಚಂದ್ರಿಕೆಗೆ ಬಿಡುವ ಹಾಗೆ ಏರ್ಪಾಡು. ಮುಯ್ಯಾಳು ಅಂತಾರಲ್ಲ, ಅದೇ. ನಾಲ್ಕೈದು ದಿನದ ಗೈರು ಒಂದು ದಿನಕ್ಕೆ ಇಳಿಯಿತು. ಪಾಠಕ್ಕಿಂತ ಇದೇ ಜಾಸ್ತಿ ಕೆಲಸ ಮಾಡಿತು ಅಂತ ನನ್ನ ಅನಿಸಿಕೆ.

2025ರ ಎಸ್‌ಎಸ್‌ಎಲ್‌ಸಿಯಲ್ಲಿ ಹದಿನಾಲ್ಕರಲ್ಲಿ ಹತ್ತು ಮಕ್ಕಳು ಮೊದಲ ಪರೀಕ್ಷೆಯಲ್ಲೇ ಪಾಸು, ಮೂವರು ಎರಡನೆಯದರಲ್ಲಿ. ಒಬ್ಬ ಮಧ್ಯದಲ್ಲೇ ಗಾರೆ ಕೆಲಸಕ್ಕೆ ಹೋದ. ಅವನ ಮನೆಗೆ ನಾಲ್ಕು ಸಲ ಹೋದೆ, ಬರಲಿಲ್ಲ.

ಈಗ ಇಪ್ಪತ್ತು ಮಕ್ಕಳು 'ನಮ್ಮನ್ನೂ ಸೇರಿಸಿಕೊಳ್ಳಿ' ಅಂತ ಬೆನ್ನು ಬಿದ್ದಿದ್ದಾರೆ. ನಾನು ಹದಿನಾಲ್ಕು ದಾಟಿಸಲ್ಲ. ನಿನ್ನೆ ಆ ಕೂಗಾಡಿದ ರೈತರೇ ಫೋನ್ ಮಾಡಿದ್ದರು: 'ಮೂರನೇ ಜ್ವರ (ಹುಳು ಪೊರೆ ಬಿಡುವ ಹಂತ) ಎದ್ದಿದ್ದಾವೆ ಸಾರ್, ನಾಡಿದ್ದು ಮಕ್ಕಳನ್ನ ಕಳಿಸಿ. ತಕ್ಕಡಿ ಮರೀಬೇಡಿ.'