ಸೊಂಟ ಮುರಿದ ಹಿರಿಯರಿಗೆ ಅಪಾಯವೆಷ್ಟು? ಅಂಕ ಹಾಕುವುದು ಹೀಗೆ

ಬಚ್ಚಲಲ್ಲಿ ಜಾರಿ ಬಿದ್ದ ಅಜ್ಜಿಯ ಸೊಂಟ ಮುರಿದಿದೆ ಎಂದು ಎಕ್ಸ್‌ರೇಯಲ್ಲಿ ಗೊತ್ತಾದ ಕೂಡಲೇ ಮನೆಯವರು ಕೇಳುವುದು ಎರಡೇ ಪ್ರಶ್ನೆ. ಜೀವಕ್ಕೆ ಅಪಾಯವಿದೆಯೇ? ಮತ್ತೆ ಓಡಾಡುತ್ತಾರೆಯೇ? ಎರಡಕ್ಕೂ ಲೆಕ್ಕ ಬೇರೆ ಬೇರೆ.

ಮೊದಲನೆಯದಕ್ಕೆ ನಾಟಿಂಗ್‌ಹ್ಯಾಮ್ ಸ್ಕೋರ್ ಇದೆ. 2008ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ಇದು 30 ದಿನದೊಳಗೆ ಸಾವಿನ ಸಂಭವ ಎಷ್ಟೆಂದು ಅಂದಾಜಿಸುತ್ತದೆ. ವಯಸ್ಸು 66ರಿಂದ 85 ಇದ್ದರೆ 3 ಅಂಕ, 86 ಅಥವಾ ಹೆಚ್ಚಿದ್ದರೆ 4. ಗಂಡಸಾದರೆ 1. ಅಡ್ಮಿಟ್ ಆದಾಗ ಹಿಮೋಗ್ಲೋಬಿನ್ 10 ಗ್ರಾಂ ಅಥವಾ ಕಡಿಮೆ ಇದ್ದರೆ 1. ವೃದ್ಧಾಶ್ರಮದಂಥ ಕಡೆ ವಾಸವಿದ್ದರೆ 1. ಹೃದಯ, ಮೆದುಳಿನ ರಕ್ತನಾಳ, ಶ್ವಾಸಕೋಶ, ಮೂತ್ರಪಿಂಡ ಇವುಗಳಲ್ಲಿ ಎರಡಕ್ಕಾದರೂ ಕಾಯಿಲೆ ಇದ್ದರೆ 1. ಕಳೆದ 20 ವರ್ಷಗಳಲ್ಲಿ ಕ್ಯಾನ್ಸರ್ ಬಂದಿದ್ದರೆ 1. ಹತ್ತು ಪ್ರಶ್ನೆಗಳ ನೆನಪಿನ ಪರೀಕ್ಷೆಯಲ್ಲಿ 6 ಅಥವಾ ಕಡಿಮೆ ಬಂದರೆ 1. ಒಟ್ಟು 10.

ಎಡವಟ್ಟಾಗುವುದು ಈ ನೆನಪಿನ ಪರೀಕ್ಷೆಯಲ್ಲೇ. ಮೂಲದಲ್ಲಿರುವ ಬ್ರಿಟನ್ನಿನ ದೊರೆಯ ಹೆಸರಿನ ಬದಲು ನಮ್ಮ ಪ್ರಧಾನಿಯ ಹೆಸರು ಕೇಳಬಹುದು, ಮಹಾಯುದ್ಧದ ಬದಲು ಸ್ವಾತಂತ್ರ್ಯ ಬಂದ ವರ್ಷ. ಆದರೆ ಹುಟ್ಟಿದ ದಿನ? ಆಧಾರ್‌ನಲ್ಲಿ ಜನವರಿ 1 ಎಂದು ಬರೆಸಿಕೊಂಡ ಅಜ್ಜಿಗೆ ಅದು ಗೊತ್ತಿಲ್ಲದಿರುವುದು ಮರೆವಲ್ಲ. ಕಿವಿ ಮಂದವಿದ್ದರೆ, ನೋವಿನ ಇಂಜೆಕ್ಷನ್ನಿನ ಮಂಪರಿದ್ದರೆ ಅಂಕ ಸುಮ್ಮನೆ ಕುಸಿಯುತ್ತದೆ. ಹಿಮೋಗ್ಲೋಬಿನ್ನೂ ಅಷ್ಟೇ: ಡ್ರಿಪ್ ಏರಿಸಿದ ಮೇಲೆ ಇಳಿಯುತ್ತದೆ, ಆದ್ದರಿಂದ ಮೊದಲ ರಿಪೋರ್ಟನ್ನೇ ಹಿಡಿಯಿರಿ.

82ರ ಅಜ್ಜಿ, ಹಿಮೋಗ್ಲೋಬಿನ್ 9.6, ಹೃದಯ ಮತ್ತು ಕಿಡ್ನಿ ಎರಡೂ ಸರಿಯಿಲ್ಲ, ನೆನಪು ಚೆನ್ನಾಗಿದೆ, ಮಕ್ಕಳ ಜೊತೆ ವಾಸ: 3+1+1, ಅಂದರೆ 5. ನಾಲ್ಕರವರೆಗೆ ಕಡಿಮೆ ಅಪಾಯ, ಐದರಿಂದ ಹೆಚ್ಚು ಎಂದು ವಿಂಗಡಿಸುವುದುಂಟು. ಹಾಗೆಂದು ಆಪರೇಷನ್ ಬೇಡವೆನ್ನಲು ಇದು ನೆಪವಲ್ಲ. ಹೆಚ್ಚು ಅಂಕದವರಿಗೆ ರಕ್ತ ಮೊದಲೇ ಹೊಂದಿಸಿಡಬೇಕು, ಆಪರೇಷನ್ ನಂತರ ನಿಗಾ ಬಿಗಿಯಾಗಬೇಕು. ತಡಮಾಡುತ್ತ ಮಲಗಿಸಿಟ್ಟರೆ ಕಫ ಕಟ್ಟಿ ನ್ಯುಮೋನಿಯಾ ಆಗಬಹುದು, ಬೆನ್ನಲ್ಲಿ ಹುಣ್ಣೇಳಬಹುದು. ಇಂಗ್ಲೆಂಡಿನಲ್ಲಿ ಇಟ್ಟುಕೊಂಡಿರುವ ಗಡುವು 36 ಗಂಟೆ.

ಎರಡನೆಯದಕ್ಕೆ ಚಲನೆಯ ಸ್ಕೋರ್. ಬೀಳುವ ಮುಂಚೆ ಮನೆಯೊಳಗೆ ನಡಿಗೆ, ಹೊರಗೆ ನಡಿಗೆ, ಅಂಗಡಿಗೆ ಹೋಗಿಬರುವುದು, ಈ ಮೂರಕ್ಕೂ ಅಂಕ ಹಾಕಿ: ಸಲೀಸಾಗಿದ್ದರೆ 3, ಕೋಲು ಅಥವಾ ವಾಕರ್ ಹಿಡಿದರೆ 2, ಇನ್ನೊಬ್ಬರ ಆಸರೆ ಬೇಕಿದ್ದರೆ 1, ಆಗುತ್ತಲೇ ಇರಲಿಲ್ಲವೆಂದರೆ 0. ಒಟ್ಟು 9. ಅಂಕ ಹೆಚ್ಚಿದ್ದಷ್ಟೂ ಮತ್ತೆ ನಡೆದಾಡುವ ಭರವಸೆ ಹೆಚ್ಚು. ಇದನ್ನು ಊರಿನಿಂದ ಓಡಿಬಂದ ಮಗನನ್ನು ಕೇಳಬೇಡಿ, “ಅಮ್ಮ ಚೆನ್ನಾಗೇ ಓಡಾಡ್ತಿದ್ರು” ಎಂದುಬಿಡುತ್ತಾನೆ. ದಿನವೂ ಜೊತೆಗಿದ್ದ ಸೊಸೆಗೆ ಗೊತ್ತು, ಅತ್ತೆ ಬಚ್ಚಲಿಗೂ ಗೋಡೆ ಹಿಡಿದೇ ಹೋಗುತ್ತಿದ್ದರೆಂದು.