ಅವಳಿ ಅಂತ ಗೊತ್ತಾದಾಗ ಮನಸ್ಸಿಗೂ ಸ್ವಲ್ಪ ಸಮಯ ಕೊಡಿ

ಕಲಬುರಗಿಯ ಅಕ್ಕ-ತಂಗಿಯರೇ, ಸ್ಕ್ಯಾನಿಂಗ್‌ನಲ್ಲಿ ಎರಡು ಕೂಸು ಕಂಡಾಗ ಖುಷಿಗಿಂತ ಮೊದಲು ಭಯ, ಅಳು ಬರಬಹುದು. ಅದರಲ್ಲಿ ತಪ್ಪೇನಿಲ್ಲ. ಅವತ್ತೇ ಇಡೀ ಬಳಗಕ್ಕೆ ಹೇಳಬೇಕಂತಿಲ್ಲ, ಮೊದಲು ಗಂಡನ ಜೊತೆ ಕೂತು ಮಾತಾಡಿ.

ಡಾಕ್ಟರಿಗೆ ಒಂದು ಪ್ರಶ್ನೆ ಮರೆಯದೆ ಕೇಳಿ: ಮಾಸು (ಹೊಟ್ಟೆಯಲ್ಲಿ ಕೂಸಿಗೆ ಆಹಾರ ಕೊಡುವ ಪ್ಲಾಸೆಂಟಾ) ಒಂದೋ, ಎರಡೋ? ಎಷ್ಟು ಸಲ ಸ್ಕ್ಯಾನ್ ಬೇಕು ಅನ್ನೋದು ಅದರ ಮೇಲಿದೆ. ಉತ್ತರವನ್ನು ತಾಯಿ ಕಾರ್ಡಿನಲ್ಲೇ ಬರೆಸಿಕೊಳ್ಳಿ. ಸುಮ್ನೆ ಊಹಿಸಿ ಹೆದರೋದು ಅರ್ಧ ಕಡಿಮೆಯಾಗುತ್ತದೆ.

ಅವಳಿ ಮಕ್ಕಳು 37 ವಾರಕ್ಕೂ ಮೊದಲೇ ಹುಟ್ಟೋದು ಜಾಸ್ತಿ. ಹಾಗಾಗಿ ತವರಿಗೆ ಯಾವಾಗ ಹೋಗೋದು, ಬಾಣಂತನಕ್ಕೆ ಯಾರು, ರಾತ್ರಿ ಎರಡನೇ ಕೂಸನ್ನು ಯಾರು ಎತ್ತಿಕೊಳ್ಳುತ್ತಾರೆ, ಎಲ್ಲವನ್ನೂ ಕುಬಸದ ಹೊತ್ತಿಗೇ ಹೆಸರು ಹಿಡಿದು ತೀರ್ಮಾನಿಸಿ. "ಎಲ್ಲರೂ ಇದ್ದೇವಲ್ಲ" ಅನ್ನೋ ಮಾತು ಸಾಲದು.

ನಿದ್ದೆ ಬಾರದೆ ಮನಸ್ಸು ಭಾರ ಆಗ್ತಾನೇ ಇದ್ದರೆ ಡಾಕ್ಟರಿಗೆ ಹೇಳಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.