ಬಿಸಿ ಮಾಡಿದರೂ ಹೋಗದ ವಿಷ

ರಾತ್ರಿ ಉಳಿದ ಅನ್ನವನ್ನು ಕುಕ್ಕರಿನಲ್ಲೇ ಬಿಟ್ಟು, ಬೆಳಗ್ಗೆ ಮೂಸಿ ನೋಡಿ, ವಾಸನೆ ಇಲ್ಲವೆಂದು ಚಿತ್ರಾನ್ನಕ್ಕೆ ಒಗ್ಗರಣೆ ಹಾಕುವುದು ಎಷ್ಟೋ ಮನೆಗಳ ರೂಢಿ. ಅನ್ನ ಹಳಸಿದರೆ ನೂಲು ಬರುತ್ತದೆ, ಮೂಗಿಗೆ ಗೊತ್ತಾಗುತ್ತದೆ ಅನ್ನುವುದು ಅರ್ಧ ಸತ್ಯ. ನೂಲು ಬಂದದ್ದನ್ನು ಹೇಗೂ ಯಾರೂ ಬಾಯಿಗಿಡುವುದಿಲ್ಲ. ಕಾಡುವುದು ನೂಲೂ ಬಾರದ, ವಾಸನೆಯೂ ಬಾರದ ಅನ್ನ.

ಇದರ ಮೂಲ ಬ್ಯಾಸಿಲಸ್ ಸೀರಿಯಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾ. ಗದ್ದೆಯಿಂದ ಅಕ್ಕಿಯ ಜೊತೆಗೇ ಮನೆಗೆ ಬರುತ್ತದೆ, ಎಷ್ಟು ಸಲ ತೊಳೆದರೂ ಪೂರ್ತಿ ಹೋಗದು. ಕಷ್ಟಕಾಲಕ್ಕೆ ಇದು ಗಟ್ಟಿ ಚಿಪ್ಪಿನ ಬೀಜಕಣವಾಗಿ ಮಲಗಿಬಿಡುತ್ತದೆ. ಅನ್ನ ಬೇಯುವ ಶಾಖಕ್ಕೆ ಬೀಜಕಣಗಳೆಲ್ಲ ಸಾಯುವುದಿಲ್ಲ, ಉಳಿದವು ಅನ್ನ ಆರುತ್ತ ಬಂದಂತೆ ಎಚ್ಚೆತ್ತುಕೊಳ್ಳುತ್ತವೆ. ಹಿತವಾದ ಬೆಚ್ಚಗೆ ಸಿಕ್ಕರೆ ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಒಂದು ಎರಡಾಗಬಲ್ಲದು. ರಾತ್ರಿ 10 ಗಂಟೆಗೆ ಒಂದಿದ್ದದ್ದು ಬೆಳಗ್ಗೆ 5ರ ಹೊತ್ತಿಗೆ, ಬರೀ ಲೆಕ್ಕದಲ್ಲಿ, 20 ಲಕ್ಷ ದಾಟುತ್ತದೆ. ಬೆಳೆಯುತ್ತ ಬೆಳೆಯುತ್ತ ಇದು ಅನ್ನದಲ್ಲೇ ಒಂದು ವಿಷವನ್ನು ಬಿಡುತ್ತದೆ. ನೀವು ಬಾಣಲೆಯಲ್ಲಿ ಎಷ್ಟೇ ಹುರಿಯಿರಿ, ಸಾಯುವುದು ಬ್ಯಾಕ್ಟೀರಿಯಾ. ವಿಷ ಹಾಗೇ ಇರುತ್ತದೆ. ಬೆಳಗ್ಗೆ ಹಿಂಡಿದ ನಿಂಬೆರಸ ರಾತ್ರಿಯ ವಿಷವನ್ನು ಮುರಿಯುವುದಿಲ್ಲ. ತಿಂದು ಅರ್ಧ ಗಂಟೆಯಿಂದ 6 ಗಂಟೆಯೊಳಗೆ ವಾಂತಿ ಶುರು. ಅದು ಹೊಟ್ಟೆಯಿಂದ ಮಿದುಳಿಗೆ ಹೋಗುವ ನರವನ್ನು ಕೆರಳಿಸಿ ಬರಿಸುವ ವಾಂತಿ. ಸಾಮಾನ್ಯವಾಗಿ ಒಂದು ದಿನದಲ್ಲಿ ನಿಲ್ಲುತ್ತದೆ. ಇಲ್ಲಿ ಆಂಟಿಬಯಾಟಿಕ್ ಮಾತ್ರೆಗೆ ಕೆಲಸವೇ ಇಲ್ಲ, ಯಾಕೆಂದರೆ ಕಾಯಿಲೆ ತಂದದ್ದು ವಿಷ, ಜೀವಂತ ಬ್ಯಾಕ್ಟೀರಿಯಾ ಅಲ್ಲ.

ಹಾಗಾಗಿ ಉಳಿದ ಅನ್ನದ ಹಣೆಬರಹ ರಾತ್ರಿಯೇ ತೀರ್ಮಾನವಾಗುತ್ತದೆ. ಊಟ ಮುಗಿದ ಕೂಡಲೇ ಅಗಲವಾದ ತಟ್ಟೆಯಲ್ಲಿ ಎರಡು ಬೆರಳು ದಪ್ಪಕ್ಕಿಂತ ಹೆಚ್ಚಾಗದಂತೆ ಹರಡಿ, ಫ್ಯಾನಿನ ಕೆಳಗಿಟ್ಟು ಆರಿಸಿ, ಬೆಂದ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಪಾತ್ರೆ ಸಮೇತ ಬಿಸಿಯಾಗಿ ಇಟ್ಟರೆ ಹೊರಗಿನ ಅನ್ನ ತಣ್ಣಗಾಗುತ್ತದೆ, ನಡುವಿನ ಮುದ್ದೆ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಕೈಯಿಟ್ಟು ನೋಡಿದರೆ ತಿಳಿಯುತ್ತದೆ. ಫ್ರಿಜ್ಜಿನ ಒಳಗೆ 5 ಡಿಗ್ರಿಗಿಂತ ಕಡಿಮೆ ಇರಬೇಕು. ತುರುಕಿ ತುಂಬಿದರೆ ತಣ್ಣನೆ ಗಾಳಿ ಓಡಾಡದೆ ಅಷ್ಟಕ್ಕೆ ಇಳಿಯುವುದೇ ಇಲ್ಲ. ಹೀಗಿಟ್ಟ ಅನ್ನವನ್ನು ಮರುದಿನವೇ ಮುಗಿಸಿ, ಅದೂ ಒಂದೇ ಸಲ ಹಬೆಯಾಡುವಂತೆ ಬಿಸಿ ಮಾಡಿ. ಫ್ರಿಜ್ ಇಲ್ಲದ ಕಾಲದಲ್ಲಿ ತಂಗಳನ್ನಕ್ಕೆ ತಣ್ಣೀರು ಸುರಿದು ಮಜ್ಜಿಗೆ ಬೆರೆಸಿಡುತ್ತಿದ್ದುದರಲ್ಲಿ ಅರ್ಥವಿತ್ತು: ನೀರು ಬೇಗ ತಣಿಸುತ್ತದೆ, ಹುಳಿ ಬ್ಯಾಕ್ಟೀರಿಯಾದ ಬೆಳವಣಿಗೆಯನ್ನು ಹಿಡಿದಿಡುತ್ತದೆ. ಆದರೆ ಇದನ್ನು ಊಟವಾದ ಕೂಡಲೇ ಮಾಡಬೇಕು, ಬೆಳಗ್ಗೆ ಎದ್ದ ಮೇಲಲ್ಲ.

ಬೆರಳಿನ ಗಾಯದ ಲೆಕ್ಕವೂ ಇದೇ. ಈಳಿಗೆಮಣೆ ತಾಗಿ ಕೀವುಗಟ್ಟಿದ ಬೆರಳು, ಮುಖದ ಮೊಡವೆ, ಆರೋಗ್ಯವಂತರ ಮೂಗು ಕೂಡ ಸ್ಟಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾದ ಮನೆ. ಆ ಕೈಯಲ್ಲಿ ಖೋವಾ ನಾದಿ ಉಂಡೆ ಕಟ್ಟಿಟ್ಟರೆ ಅದು ಅಲ್ಲಿ ಬೆಳೆದು ವಿಷ ಬಿಡುತ್ತದೆ, ಆ ವಿಷವೂ ಕುದಿಸಿದರೆ ಜಗ್ಗುವುದಿಲ್ಲ. ಹಬ್ಬದ ಮನೆಯಲ್ಲಿ ಊಟವಾಗಿ ಮೂರ‍್ನಾಲ್ಕು ಗಂಟೆಗೆ ಹತ್ತಾರು ಜನ ಒಟ್ಟಿಗೆ ವಾಂತಿ ಮಾಡಿಕೊಂಡರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಗಾಯವಿದ್ದವರು ಬ್ಯಾಂಡೇಜಿನ ಮೇಲೆ ಗ್ಲೌಸ್ ಹಾಕಿಕೊಳ್ಳಲಿ. ಕೀವಾಗಿದ್ದರೆ ಅಡುಗೆಯನ್ನೇ ಬಿಟ್ಟು ಬೇರೆ ಕೆಲಸ ನೋಡಲಿ. ಬರೀ ಬ್ಯಾಂಡೇಜು ನೆನೆದು ಅದೇ ಹೊಲಸಿನ ಸ್ಪಂಜಾಗುತ್ತದೆ.

ಇನ್ನೊಂದು ಜಾತಿಯ ಬ್ಯಾಕ್ಟೀರಿಯಾಗಳಿವೆ. ಅವು ಜೀವಂತವಾಗಿ ನಮ್ಮೊಳಗೆ ಇಳಿದ ಮೇಲೆಯೇ ಕೆಲಸ ಶುರುಮಾಡುವಂಥವು. ಚೆನ್ನಾಗಿ ಕುದಿಸಿದರೆ ಇವುಗಳ ಕಥೆ ಮುಗಿಯಿತು. ಇವುಗಳಿಗೆ ಮೊದಲ ಅಡ್ಡಿ ಜಠರದ ಆಮ್ಲ; ಬಹುಪಾಲು ಅಲ್ಲೇ ಸಾಯುತ್ತವೆ. ಗ್ಯಾಸ್ಟ್ರಿಕ್ ಎಂದು ದಿನವೂ ಆಮ್ಲ ತಗ್ಗಿಸುವ ಮಾತ್ರೆ ನುಂಗುವವರಿಗೆ ಈ ಕಾವಲು ಸಡಿಲವಾಗಿರುತ್ತದೆ, ಅಂಥವರು ಬೀದಿಬದಿಯ ನೀರಿನ ವಿಷಯದಲ್ಲಿ ಇನ್ನಷ್ಟು ಬಿಗಿಯಾಗಿರಬೇಕು.

ಆಮ್ಲ ದಾಟಿದವು ಎಲ್ಲವೂ ಒಂದೇ ದಾರಿ ಹಿಡಿಯುವುದಿಲ್ಲ. ಟೈಫಾಯಿಡ್ ತರುವ ಸಾಲ್ಮೊನೆಲ್ಲಾ ಟೈಫಿ ಕರುಳಿನ ಗೋಡೆಯನ್ನು ತೂರಿ ಒಳಹೊಕ್ಕು, ತನ್ನನ್ನು ನುಂಗಲು ಬಂದ ಬಿಳಿ ರಕ್ತಕಣದೊಳಗೇ ಕೂತು ಯಕೃತ್ತು, ಗುಲ್ಮ, ಮೂಳೆಮಜ್ಜೆಯವರೆಗೆ ಸವಾರಿ ಮಾಡುತ್ತದೆ. ಅದಕ್ಕೇ ಜ್ವರ ಕಾಣುವುದು ಸಾಮಾನ್ಯವಾಗಿ ಒಂದೆರಡು ವಾರ ಕಳೆದ ಮೇಲೆ. ನಿನ್ನೆ ತಿಂದ ಪಾನಿಪುರಿಯನ್ನು ಬೈದು ಉಪಯೋಗವಿಲ್ಲ. ಕೆಲವರಲ್ಲಿ ಜ್ವರ ಬಿಟ್ಟರೂ ಪಿತ್ತಕೋಶದಲ್ಲಿ ಉಳಿದು ತಿಂಗಳುಗಟ್ಟಲೆ ಮಲದಲ್ಲಿ ಹೋಗುತ್ತಿರುತ್ತದೆ. ಎರಡು ದಿನಕ್ಕೆ ಜ್ವರ ಇಳಿಯಿತೆಂದು ಮಾತ್ರೆ ನಿಲ್ಲಿಸಬೇಡಿ, ಡಾಕ್ಟರು ಹೇಳಿದಷ್ಟು ದಿನ ಮುಗಿಸಿ.

ಕಾಲರಾದ್ದು ಬೇರೆಯೇ ಬಗೆ. ವಿಬ್ರಿಯೊ ಕಾಲರೆ ಗೋಡೆಯೊಳಗೆ ನುಗ್ಗುವುದೇ ಇಲ್ಲ, ಮೇಲೆ ಅಂಟಿಕೊಂಡು ವಿಷವನ್ನು ಒಳಗೆ ಕಳಿಸುತ್ತದೆ. ಈ ವಿಷವನ್ನು 1959ರಲ್ಲಿ ಮೊಲದ ಕರುಳಿನಲ್ಲಿ ತೋರಿಸಿಕೊಟ್ಟವರು ಕಲ್ಕತ್ತೆಯ ವಿಜ್ಞಾನಿ ಶಂಭುನಾಥ್ ದೇ. ಜೀವಕೋಶದಿಂದ ಉಪ್ಪು ಹೊರಹೋಗುವ ಬಾಗಿಲನ್ನು ಅದು ತೆರೆದೇ ಇಡುತ್ತದೆ. ಉಪ್ಪಿನ ಹಿಂದೆ ನೀರು ಧಾರೆಯಾಗಿ ಹರಿಯುತ್ತದೆ. ಅಕ್ಕಿ ತೊಳೆದ ನೀರಿನಂತಹ ಭೇದಿ, ಉಲ್ಬಣಿಸಿದರೆ ಗಂಟೆಗೆ ಲೀಟರಿನಷ್ಟು. ಮನುಷ್ಯ ಸಾಯುವುದು ನೀರು ಬತ್ತಿ.

ಇವೆಲ್ಲ ಬರುವುದು ಹೆಚ್ಚಾಗಿ ನೀರಿನಿಂದ, ಕೈಯಿಂದ. ಕುಡಿಯುವ ನೀರು ಬೆಚ್ಚಗಾದರೆ ಸಾಲದು, ದೊಡ್ಡ ಗುಳ್ಳೆ ಎದ್ದು ಒಂದು ನಿಮಿಷ ಕೊತಕೊತ ಕುದಿಯಬೇಕು. ಪಟಿಕ ಆಡಿಸಿದರೆ ಕೆಸರು ಕೆಳಗೆ ಕೂರುತ್ತದೆ ಅಷ್ಟೇ, ನೀರು ಶುದ್ಧವಾದಂತಲ್ಲ. ಕುದಿಸಿದ ನೀರಿಗೆ ಚೊಂಬು ಅದ್ದಿ ತೆಗೆಯುವುದು ಕುದಿಸಿದ್ದನ್ನೆಲ್ಲ ಹೊಳೆಗೆ ಹಾಕಿದ ಹಾಗೆ. ಬೆರಳಿನ ತುದಿ ನೀರಿಗೆ ತಾಗಿಯೇ ತಾಗುತ್ತದೆ. ನಲ್ಲಿ ಇರುವ ಪಾತ್ರೆಯೋ ಉದ್ದ ಹಿಡಿಯ ಸೌಟೋ ಇರಲಿ. ಕೈಯನ್ನು ಸೋಪು ಹಚ್ಚಿ 20 ಸೆಕೆಂಡು, ಉಗುರಿನ ಸಂದಿ ಬಿಡದೆ ಉಜ್ಜಿ, ಹರಿಯುವ ನೀರಲ್ಲಿ ತೊಳೆಯಿರಿ. ಒದ್ದೆ ಕೈಯನ್ನು ಸೆರಗಿಗೋ ಒಲೆಯ ಪಕ್ಕದ ಮಸಿಬಟ್ಟೆಗೋ ಒರೆಸಿದರೆ ತೊಳೆದದ್ದು ದಂಡ.

ವಾಂತಿ ಭೇದಿ ಹಿಡಿದರೆ ಮೊದಲ ಕೆಲಸ ನೀರು ತುಂಬುವುದು. ಓಆರ್‌ಎಸ್ ಪೊಟ್ಟಣವಿದ್ದರೆ ಅದರ ಮೇಲೆ ಬರೆದಷ್ಟೇ ನೀರಿಗೆ ಕಲಸಿ. ಇಲ್ಲದಿದ್ದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಗೋಪುರವಾಗದಿರಲಿ, ಮಟ್ಟವಾಗಿ ಗೀಚಿ ಅಳೆಯಿರಿ. ಉಪ್ಪನ್ನು ಸಕ್ಕರೆ ಕೈ ಹಿಡಿದು ಕರುಳಿನ ಗೋಡೆಯೊಳಗೆ ಕರೆದುಕೊಂಡು ಹೋಗುತ್ತದೆ, ನೀರು ಅವುಗಳ ಹಿಂದೆ ಹೋಗುತ್ತದೆ. ಕಾಲರಾದಲ್ಲೂ ಈ ದಾರಿ ಮುಚ್ಚುವುದಿಲ್ಲ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬಿಸ್ ಸಾವಿರಾರು ಜೀವ ಉಳಿಸಿದ್ದು ಇಂಥದ್ದೇ ನೀರಿನಿಂದ. ರುಚಿಗೆಂದು ಸಕ್ಕರೆ ಹೆಚ್ಚಿಸಿದರೆ ಅದೇ ಕರುಳಿಗೆ ನೀರೆಳೆದು ಭೇದಿ ಹೆಚ್ಚಿಸುತ್ತದೆ, ಉಪ್ಪು ಹೆಚ್ಚಾದರೆ ಮಗುವಿನ ಮಿದುಳಿಗೇ ಅಪಾಯ.

ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿ, ದೊಡ್ಡ ಮಕ್ಕಳಿಗೆ 100ರಿಂದ 200 ಮಿಲಿ. ವಾಂತಿಯಾದರೆ 10 ನಿಮಿಷ ತಡೆದು ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಕುಡಿಸಿ, ಎದೆಹಾಲು ನಿಲ್ಲಿಸಬೇಡಿ. ಭೇದಿ ಕಟ್ಟಿಸುವ ಮಾತ್ರೆ ಮಕ್ಕಳಿಗೆ ಬೇಡವೇ ಬೇಡ. ಮಲದಲ್ಲಿ ರಕ್ತ, ಗುಳಿಬಿದ್ದ ಕಣ್ಣು, ಆರೇಳು ಗಂಟೆಯಾದರೂ ಮೂತ್ರವಿಲ್ಲ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಮೆಲ್ಲಗೆ ಮರಳುತ್ತದೆ ಅಂದರೆ ಮನೆಮದ್ದು ಬಿಟ್ಟು ಆಸ್ಪತ್ರೆಗೆ ಹೊರಡಿ, ದಾರಿಯುದ್ದಕ್ಕೂ ಕುಡಿಸುತ್ತಲೇ ಇರಿ. ಮತ್ತೆ ಆ ಕಲಸಿದ ನೀರನ್ನು ಮುಚ್ಚಿಡಿ, 24 ಗಂಟೆಯಾದ ಮೇಲೆ ಉಳಿದದ್ದನ್ನು ಚೆಲ್ಲಿ ಹೊಸದು ಮಾಡಿ. ಸಕ್ಕರೆ ನೀರು ಬ್ಯಾಕ್ಟೀರಿಯಾಗಳಿಗೂ ಊಟವೇ.